ಅಳೆಯುವುದು ಹೆಚ್ಚಾದಂತೆ ಎಂಟ್ಯಾಂಗಲ್‌ಮೆಂಟ್ ಎಲ್ಲಿ ಕುಸಿಯುತ್ತದೆ: ಲ್ಯಾಪ್‌ಟಾಪಿನಲ್ಲೇ ನೋಡುವ ಬಗೆ

ಕ್ಯೂಬಿಟ್‌ಗಳ (ಕ್ವಾಂಟಮ್ ಬಿಟ್‌ಗಳ) ಮೇಲೆ ನಡೆಸುವ ಕ್ರಿಯೆಗಳಾದ ಗೇಟ್‌ಗಳು ಅವುಗಳ ನಡುವೆ ಎಂಟ್ಯಾಂಗಲ್‌ಮೆಂಟ್ ಎಂಬ ಕ್ವಾಂಟಮ್ ನಂಟು ಹೆಣೆಯುತ್ತವೆ, ಅಳತೆ ಅದನ್ನು ಬಿಚ್ಚುತ್ತದೆ. ಯಾವುದರ ಕೈ ಮೇಲಾಗುತ್ತದೆ ಎಂಬುದನ್ನು ನೋಡಲು ಪುಣೆಯಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಅಲ್ಲಿನ ವಿಜ್ಞಾನ ಸಂಸ್ಥೆ ಐಸರ್‌ನ ಸೂಪರ್‌ಕಂಪ್ಯೂಟರ್ ಪರಮ್ ಬ್ರಹ್ಮದ ಸರತಿಗೆ ಕಾಯಬೇಕಿಲ್ಲ. ಗೇಟ್‌ಗಳೆಲ್ಲ ಕ್ಲಿಫರ್ಡ್ (ಸಾಮಾನ್ಯ ಕಂಪ್ಯೂಟರಿನಲ್ಲೇ ಸುಲಭವಾಗಿ ಅನುಕರಿಸಬಹುದಾದ ಬಗೆ) ಆಗಿದ್ದರೆ 128 ಕ್ಯೂಬಿಟ್‌ಗೆ 128 ಸ್ಟೆಬಿಲೈಸರ್, ಅಂದರೆ ಸ್ಥಿತಿಯನ್ನು ಬದಲಿಸದ ಕ್ರಿಯೆಗಳನ್ನು, ನೆನಪಿಟ್ಟುಕೊಂಡರಾಯಿತು. ರೂಮಿನ ಲ್ಯಾಪ್‌ಟಾಪ್ ಧಾರಾಳ ಸಾಕು.

ಕ್ಯೂಬಿಟ್‌ಗಳನ್ನು ಉಂಗುರದಂತೆ ಜೋಡಿಸಿ, ಎಲ್ಲವನ್ನೂ ಸೊನ್ನೆಯಲ್ಲಿಡಿ. ಮೊದಲ ಪದರದಲ್ಲಿ 1–2, 3–4 ಜೋಡಿಗಳಿಗೆ, ಮುಂದಿನದರಲ್ಲಿ 2–3, 4–5 ಜೋಡಿಗಳಿಗೆ ಗೇಟ್ ಹಾಕಿ, ಇಟ್ಟಿಗೆ ಗೋಡೆಯ ಹಾಗೆ. ಪ್ರತಿ ಗೇಟನ್ನೂ 11,520 ಎರಡು-ಕ್ಯೂಬಿಟ್ ಕ್ಲಿಫರ್ಡ್‌ಗಳಿಂದ ಯಾದೃಚ್ಛಿಕವಾಗಿ ಆರಿಸಿ. ಸ್ಟಿಮ್ ಎಂಬ ಪೈಥಾನ್ ಲೈಬ್ರರಿ ಇದನ್ನು ಒಂದೇ ಸಾಲಿನಲ್ಲಿ ಮಾಡಿಕೊಡುತ್ತದೆ. ಪ್ರತಿ ಪದರದ ನಂತರ ಒಂದೊಂದು ಕ್ಯೂಬಿಟ್ಟನ್ನೂ 'ಪಿ' ಸಂಭವನೀಯತೆಯಿಂದ ಅಳೆಯಿರಿ. ಎರಡು ಪದರಕ್ಕೊಮ್ಮೆ ಮಾತ್ರ ಅಳೆದರೆ ಮುಂದೆ ಹೇಳುವ ಅಂಕಿಗಳು ಹೊಂದುವುದಿಲ್ಲ. ಕ್ಯೂಬಿಟ್‌ಗಳ ಸಂಖ್ಯೆಯ ನಾಲ್ಕು ಪಟ್ಟು ಪದರ ಓಡಿಸಿ. ಅರ್ಧ ಉಂಗುರ ಉಳಿದರ್ಧದೊಡನೆ ಎಷ್ಟು ಹೆಣೆದುಕೊಂಡಿದೆ ಎಂದು ಹೇಳುವ ಎಂಟ್ರೊಪಿಯನ್ನು ಯಾವಾಗಲೂ ಒಂದೇ ಬಗೆಯ ಪದರದ ಬಳಿಕ ತೆಗೆಯಿರಿ, ಇಲ್ಲದಿದ್ದರೆ ಗೆರೆ ಹಲ್ಲುಹಲ್ಲಾಗಿ ಏರಿಳಿಯುತ್ತದೆ.

ಎಂಟ್ರೊಪಿಗೆ, ಸ್ಟೆಬಿಲೈಸರ್‌ಗಳನ್ನು 0, 1ಗಳಲ್ಲಿ ಬರೆದ ಕೋಷ್ಟಕದಲ್ಲಿ ಅರ್ಧ ಉಂಗುರಕ್ಕೆ ಸೇರಿದ ಕಂಬಸಾಲುಗಳನ್ನಷ್ಟೇ ಉಳಿಸಿಕೊಂಡು, ಪರಸ್ಪರ ಸ್ವತಂತ್ರ ಸಾಲುಗಳ ಸಂಖ್ಯೆಯಾದ ರ‍್ಯಾಂಕ್ ತೆಗೆಯಿರಿ, ಆ ಅರ್ಧದ ಕ್ಯೂಬಿಟ್ ಸಂಖ್ಯೆಯನ್ನು ಕಳೆಯಿರಿ. ಪೈಥಾನಿನ ಗಣಿತ ಲೈಬ್ರರಿ ನಂಪೈ ಕೊಡುವ ರ‍್ಯಾಂಕ್ ಇಲ್ಲಿ ಕೈಕೊಡುತ್ತದೆ: 110, 011, 101 ಸಾಲುಗಳಿಗೆ ಅದು 3 ಎನ್ನುತ್ತದೆ, ಮಾಡ್ಯುಲೊ 2ರಲ್ಲಿ (1+1=0 ಎಂಬ ಲೆಕ್ಕದಲ್ಲಿ) ಉತ್ತರ 2. ಮಾಡ್ಯುಲೊ 2ರ ಎಲಿಮಿನೇಶನ್ ನೀವೇ ಬರೆಯಿರಿ, ಇಪ್ಪತ್ತು ಸಾಲಿನ ಕೆಲಸ.

ಬಹಳ ಜನ ಎಡವುವುದು ಸರಾಸರಿಯಲ್ಲಿ. ಒಂದು ಬೆಲ್ ಜೋಡಿ, ಅಂದರೆ ಪೂರ್ತಿ ಎಂಟ್ಯಾಂಗಲ್ ಆದ ಎರಡು ಕ್ಯೂಬಿಟ್, ತೆಗೆದುಕೊಳ್ಳಿ. ಅಳೆದರೆ 00 ಅಥವಾ 11. ಯಾವುದೇ ಬಂದರೂ ಎಂಟ್ಯಾಂಗಲ್‌ಮೆಂಟ್ ಸೊನ್ನೆ. ಆದರೆ ಎರಡು ಫಲಿತಾಂಶಗಳ ಸ್ಥಿತಿಗಳನ್ನೇ ಮೊದಲು ಬೆರೆಸಿಬಿಟ್ಟರೆ ಒಂದು ಕ್ಯೂಬಿಟ್ಟಿನ ಎಂಟ್ರೊಪಿ 1 ಬಿಟ್ ಎಂದೇ ಬರುತ್ತದೆ. ಅದು ಬರೀ ನಮ್ಮ ಅಜ್ಞಾನದ ಲೆಕ್ಕ. ಪ್ರತಿ ಓಟದ ಎಂಟ್ರೊಪಿಯನ್ನು ಮೊದಲು ತೆಗೆದು, ಕೆಲವು ನೂರು ಓಟಗಳ ಸರಾಸರಿಯನ್ನು ಆಮೇಲೆ ಮಾಡಿ.

32, 64, 128 ಕ್ಯೂಬಿಟ್‌ಗಳಿಗೆ ಹೋಲಿಸಿ. ಪಿ 0.08 ಇದ್ದಾಗ ಗಾತ್ರ ಇಮ್ಮಡಿಯಾದರೆ ಎಂಟ್ರೊಪಿಯೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 0.24ರಲ್ಲಿ ಬಹುತೇಕ ಅಲ್ಲಾಡುವುದಿಲ್ಲ. 0.16ರ ಆಸುಪಾಸಿನಲ್ಲಿ ಪ್ರತಿ ಇಮ್ಮಡಿಗೆ ಹೆಚ್ಚುಕಡಿಮೆ ಅಷ್ಟೇ ಮೊತ್ತ ಕೂಡುತ್ತದೆ, ಅಂದರೆ ಲಾಗರಿದಮ್. ಈ ಲಾಗರಿದಮ್ಮಿನಿಂದಾಗಿ ಬರೀ ಎಂಟ್ರೊಪಿ ಗೆರೆಗಳಿಂದ ನಿರ್ಣಾಯಕ ಬಿಂದು (ಎಂಟ್ಯಾಂಗಲ್‌ಮೆಂಟ್ ಕುಸಿಯುವ ಪಿ ಬೆಲೆ) ಗುರುತಿಸುವುದು ಕಷ್ಟ. ಉಂಗುರವನ್ನು ನಾಲ್ಕು ಪಾಲು ಮಾಡಿ, ಮೂರು ಪಾಲುಗಳ ತ್ರಿಪಕ್ಷೀಯ ಮ್ಯೂಚುವಲ್ ಇನ್ಫರ್ಮೇಶನ್ (ಅವು ತಮ್ಮೊಳಗೆ ಹಂಚಿಕೊಂಡ ಮಾಹಿತಿಯ ಒಂದು ಲೆಕ್ಕ) ತೆಗೆಯಿರಿ. ಬೇರೆ ಬೇರೆ ಗಾತ್ರದ ಗೆರೆಗಳು 0.16ರ ಬಳಿ ಒಂದನ್ನೊಂದು ಕತ್ತರಿಸುತ್ತವೆ. 0.5ರ ಬಳಿ ಕತ್ತರಿಸಿದರೆ ಪದರಗಳ ನಡುವಿನ ಅಳತೆ ಎಲ್ಲೋ ತಪ್ಪಿಹೋಗಿದೆಯೇ ಎಂದು ಮೊದಲು ನೋಡಿ.