ಗ್ಲುಕೋಮೀಟರ್‌ನ ಅಂಕಿಯನ್ನು ನಂಬುವ ಮೊದಲು

ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್‌ನಲ್ಲಿ ತಪ್ಪು ಅಂಕಿ ಬಂದಾಗ ಯಂತ್ರವನ್ನು ದೂರುವುದು ರೂಢಿ. ಅನೇಕ ಸಲ ದೋಷವಿರುವುದು ಕೈಯಲ್ಲಿ ಅಥವಾ ರಕ್ತದ ಹನಿ ತಾಗಿಸುವ ಸ್ಟ್ರಿಪ್‌ನಲ್ಲಿ (ಪಟ್ಟಿಯಲ್ಲಿ). ಮಾವಿನ ಹಣ್ಣು ಸುಲಿದ ಬೆರಳಿನಲ್ಲಿ ಉಳಿದ ರಸ ರಕ್ತದ ಹನಿಯೊಂದಿಗೆ ಬೆರೆತರೆ ಸಕ್ಕರೆಯ ಅಂಕಿ ಬಹಳಷ್ಟು ಏರಬಲ್ಲದು. ಇದಕ್ಕೆ ಸ್ಪಿರಿಟ್ ಹಚ್ಚಿ ಒರೆಸಿದರೆ ಸಾಲದು. ಸೋಪು ಹಾಕಿ ತೊಳೆದು, ಕೈ ಪೂರ್ತಿ ಒಣಗಿದ ಮೇಲೆ ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿರಿ, ಅಲ್ಲಿ ನೋವೂ ಕಡಿಮೆ. ರಕ್ತ ಬಾರದಿದ್ದರೆ ಬೆರಳನ್ನು ಹಿಂಡಬೇಡಿ, ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ.

ಸ್ಟ್ರಿಪ್‌ಗಳಿಗೆ ತೇವವೇ ಶತ್ರು. ಡಬ್ಬಿಯ ಮುಚ್ಚಳವನ್ನು ತಕ್ಷಣ ಮುಚ್ಚಿ, ಅವಧಿ ಮೀರಿದವನ್ನು ಎಸೆಯಿರಿ.

ಇಷ್ಟೆಲ್ಲ ಮಾಡಿದರೂ ಪ್ರಯೋಗಾಲಯದ ಅಂಕಿಗೆ ಇದು ತಾಳೆಯಾಗಲೇಬೇಕೆಂದಿಲ್ಲ. ಈ ಮೀಟರ್‌ಗಳಿಗಿರುವ 2013ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197ರ ಪ್ರಕಾರ ಶೇ. 95ರಷ್ಟು ಫಲಿತಾಂಶಗಳಲ್ಲಿ ಪ್ರಯೋಗಾಲಯದ ಅಂಕಿಯಿಂದ ಇರುವ ವ್ಯತ್ಯಾಸ, ಸಕ್ಕರೆ ಡೆಸಿಲೀಟರ್‌ಗೆ 100 ಮಿ.ಗ್ರಾಂ.ಗಿಂತ ಕಡಿಮೆಯಿದ್ದಾಗ 15 ಮಿ.ಗ್ರಾಂ. ಒಳಗೆ, 100 ಅಥವಾ ಅದಕ್ಕೆ ಮೇಲಿದ್ದಾಗ ಶೇ. 15ರ ಒಳಗೆ ಇರಬೇಕು. ಅಂದರೆ 200 ಇರುವಲ್ಲಿ 175 ಅಥವಾ 225 ತೋರಿಸಿದರೂ ಯಂತ್ರ ಕೆಟ್ಟಿದೆ ಎನ್ನಲಾಗದು. ಹೋಲಿಸಿ ನೋಡುವುದಾದರೆ ಖಾಲಿ ಹೊಟ್ಟೆಯಲ್ಲಿ, ತೋಳಿನಿಂದ ರಕ್ತ ತೆಗೆಯುವ ಹೊತ್ತಿನಲ್ಲೇ ಬೆರಳನ್ನೂ ಚುಚ್ಚಬೇಕು, ಏಕೆಂದರೆ ಊಟದ ನಂತರ ಬೆರಳಿನ ರಕ್ತದಲ್ಲಿ ಸಕ್ಕರೆ ಸಹಜವಾಗಿಯೇ ಹೆಚ್ಚಿರುತ್ತದೆ. ರಕ್ತಹೀನತೆ ಇರುವವರಲ್ಲಿ ಅನೇಕ ಮೀಟರ್‌ಗಳು ನಿಜಕ್ಕಿಂತ ಹೆಚ್ಚು ತೋರಿಸುವುದುಂಟು. ಅಂಥವರು ಈ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸಕ್ಕರೆ ಇಳಿದಾಗ ಬರುವಂಥ ಬೆವರು, ನಡುಕ ಕಾಣಿಸಿಕೊಂಡಿದ್ದರೂ ಅಂಕಿ ಸರಿಯಾಗಿಯೇ ಇದ್ದರೆ, ಕೈ ತೊಳೆದು ಹೊಸ ಸ್ಟ್ರಿಪ್‌ನಲ್ಲಿ ಇನ್ನೊಮ್ಮೆ ನೋಡಿರಿ.