ನಾಲ್ಕು ಮೂವ್‌ಮೆಂಟ್, ಒಂದೇ ಮುಖ: ನನ್ನ ಮೊದಲ ಸ್ಟ್ರಿಂಗ್ ಕ್ವಾರ್ಟೆಟ್

ಎರಡು ವಯಲಿನ್, ಒಂದು ವಿಯೋಲಾ (ವಯಲಿನ್‌ಗಿಂತ ತುಸು ದೊಡ್ಡದು), ಒಂದು ಚೆಲ್ಲೋಗೆಂದು ಬರೆದ ನನ್ನ ಮೊದಲ ಕ್ವಾರ್ಟೆಟ್‌ನ ಕರಡನ್ನು ನಾಲ್ವರು ಸ್ನೇಹಿತರು ನುಡಿಸಿ ನೋಡುತ್ತಿದ್ದರು. ಮೂರನೇ ಮೂವ್‌ಮೆಂಟ್‌ನ, ಅಂದರೆ ಕೃತಿಯ ಮೂರನೇ ಭಾಗದ, ನಡುವೆ ಚೆಲ್ಲೋ ನುಡಿಸುವವನು ಬೋ ಎತ್ತಿ ಕೇಳಿದ: "ಇದನ್ನ ಆಗಲೇ ನುಡಿಸಿದ್ವಲ್ಲೋ?"

ತಮಾಷೆಗೆ ಕೇಳಿದ್ದಲ್ಲ ಅದು. ಕಾಗದದ ಮೇಲೆ ವ್ಯತ್ಯಾಸಕ್ಕೇನೂ ಕೊರತೆ ಇರಲಿಲ್ಲ. ಮೆಟ್ರೋನೋಮ್ ಲೆಕ್ಕದಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಬೀಟ್ ಎಂಬಂತೆ, 126, 152, 60, 144. ಒಂದು ಗಂಭೀರ, ಒಂದು ತುಂಟ, ಒಂದು ನಿಧಾನ, ಒಂದು ಓಟ. ಇಷ್ಟಾದರೆ ಸಾಕು ಅಂದುಕೊಂಡಿದ್ದೆ.

ಆ ರಾತ್ರಿ ಬಣ್ಣದ ಪೆನ್ಸಿಲ್ ಹಿಡಿದು ಕೂತೆ. ಮುಖ್ಯ ರಾಗ ಯಾರ ಕೈಯಲ್ಲಿದೆಯೋ ಅಲ್ಲಿ ಕೆಂಪು ಬಳಿದೆ. ಪುಟದ ಮೇಲೆ ಪುಟ, ಕೆಂಪೆಲ್ಲ ಮೊದಲ ವಯಲಿನ್ ಸಾಲಿನಲ್ಲೇ. ಚೆಲ್ಲೋಗೆ ಕೆಳಗಡೆ ಉದ್ದುದ್ದ ಸ್ವರ. ಎರಡನೇ ವಯಲಿನ್, ವಿಯೋಲಾ ಮಧ್ಯದಲ್ಲಿ ಕೂಲಿ ಕೆಲಸ. ವಿಯೋಲಾಗಂತೂ 60 ಬಾರ್ (ತಾಳದ ಸುತ್ತು) ಕಳೆದರೂ ಒಂದು ವಿರಾಮವಿಲ್ಲ. ಕೇಳುವವರ ಕಿವಿಗೆ ಬೀಳುವುದು ಇದೇ ಹೆಣಿಗೆ. ಅದನ್ನೇ ನಿಧಾನವಾಗಿ ನುಡಿಸಿದರೆ ಹೊಸದಾಗುತ್ತದೆಯೇ?

ಕಣ್ಣು ತೆರೆಸಿದ್ದು ಹಂಗೇರಿಯ ಸಂಯೋಜಕ ಬಾರ್ತೋಕ್‌ನ ನಾಲ್ಕನೇ ಕ್ವಾರ್ಟೆಟ್, 1928ರದ್ದು. ಅದರ ಎರಡನೇ ಮತ್ತು ನಾಲ್ಕನೇ ಮೂವ್‌ಮೆಂಟ್ ಎರಡೂ ಚುರುಕಿನವೇ, ವಸ್ತುವೂ ಹತ್ತಿರದ್ದೇ. ಆದರೆ ಒಂದನ್ನು ಪೂರ್ತಿ ಮ್ಯೂಟ್ (ನಾದ ತಗ್ಗಿಸುವ ಪುಟ್ಟ ಸಾಧನ) ಹಾಕಿ ನುಡಿಸಬೇಕು, ಇನ್ನೊಂದನ್ನು ಪೂರ್ತಿ ಬೆರಳಲ್ಲಿ ಮೀಟಬೇಕು. ಒಂದನ್ನು ಇನ್ನೊಂದೆಂದು ಯಾರೂ ತಪ್ಪು ತಿಳಿಯುವುದಿಲ್ಲ.

ನಾನೂ ಎರಡನೇ ಮೂವ್‌ಮೆಂಟನ್ನು ಪಿಟ್ಸಿಕಾಟೋ, ಅಂದರೆ ಹಾಗೆ ಬೆರಳಲ್ಲಿ ಮೀಟುವಂಥದ್ದು, ಮಾಡಿದೆ. ಒಂದು ಬೀಟ್‌ಗೆ ನಾಲ್ಕು ಸ್ವರ, ವೇಗ 152. ವಿಯೋಲಾದವಳು ಎರಡು ಸಾಲು ಮೀಟಿ, ಕೆಂಪಾದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. ಲೆಕ್ಕ ಹಾಕಿದರೆ ಸೆಕೆಂಡಿಗೆ ಹತ್ತು ಮೀಟು! ಕಂಪ್ಯೂಟರ್ ಮಾತ್ರ ಬೇಸರವಿಲ್ಲದೆ ನುಡಿಸಿತ್ತು. ಕೊನೆಗೆ ಅದೇ ಸಾಲನ್ನು ನಾಲ್ವರಿಗೂ ಹಂಚಿದೆ. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುತ್ತಾರೆ, ಒಬ್ಬೊಬ್ಬರಿಗೂ ಉಸಿರಾಡಲು ಜಾಗ. ಮೊದಲಿಗಿಂತ ಚೆನ್ನಾಗಿಯೂ ಕೇಳಿಸಿತು.

ಜಾಸ್ತಿ ದಿನ ಹಿಡಿದಿದ್ದು ನಿಧಾನದ ಮೂವ್‌ಮೆಂಟ್. ಮೊದಲ ಮೂವ್‌ಮೆಂಟ್ ಡಿ ಮೈನರ್ ಎಂಬ ಕೀಯಲ್ಲಿ (ಸ್ವರಗಳ ಗುಂಪಿನಲ್ಲಿ) ಇದೆ. ಅಲ್ಲಿ ಸಿ, ಜಿ, ಡಿ, ಎ, ಇ ಎಲ್ಲ ಖಾಲಿ ತಂತಿಗಳೂ (ಬೆರಳು ಒತ್ತದೆ ನುಡಿಸುವಂಥವು) ಸಿಗುವುದರಿಂದ ವಾದ್ಯಗಳು ತಾವಾಗಿಯೇ ಮೊಳಗುತ್ತವೆ. ನಿಧಾನದ್ದನ್ನೂ ಪಕ್ಕದ ಎ ಮೈನರ್‌ನಲ್ಲೇ ಇಟ್ಟಿದ್ದೆ, ಅದೇ ಮೊಳಗು ಅಲ್ಲೂ. ಡಿ ಫ್ಲ್ಯಾಟ್ ಮೇಜರ್‌ಗೆ ಸರಿಸಿದೆ. ಅಲ್ಲಿ ಸಿಗುವ ಖಾಲಿ ತಂತಿ ಸಿ ಒಂದೇ, ಅದೂ ವಿಯೋಲಾ ಮತ್ತು ಚೆಲ್ಲೋದಲ್ಲಿ ಮಾತ್ರ. ಕೋಣೆಯ ಕಿಟಕಿ ಮುಚ್ಚಿದ ಹಾಗಾಯಿತು ನಾದ. ರಾಗವನ್ನು ವಿಯೋಲಾದ ಮಂದ್ರಕ್ಕೆ ಕೊಟ್ಟು, ಎಲ್ಲರಿಗೂ ಮ್ಯೂಟ್ ಹಾಕಿಸಿ, ಮೊದಲ ವಯಲಿನ್‌ಗೆ 24 ಬಾರ್ ವಿರಾಮ ಕೊಟ್ಟೆ. "ನಾನು ಸುಮ್ನೆ ಕೂತಿರಬೇಕಾ?" ಅಂದಳು ಅವಳು. ಹೌದು. 25ನೇ ಬಾರ್‌ನಲ್ಲಿ ಅವಳು ತಾರಸ್ಥಾಯಿಯಲ್ಲಿ ಒಂದೇ ಒಂದು ಸ್ವರ ಹಿಡಿದಾಗ ಯಾಕೆಂದು ಅವಳಿಗೇ ಗೊತ್ತಾಯಿತು.

ಮುಂದಿನ ಸಲ ಉಲ್ಟಾ ತೊಂದರೆ. ಈಗ ನಾಲ್ಕು ಬೇರೆ ಬೇರೆ ಜನ ಬರೆದ ಹಾಗಿತ್ತು, ಒಂದರ ಪಕ್ಕ ಇನ್ನೊಂದು ಯಾಕಿದೆ ಅಂತಲೇ ತಿಳಿಯುತ್ತಿರಲಿಲ್ಲ. ಆಗ ಮೊದಲ ಮೂವ್‌ಮೆಂಟ್‌ನ ಮೂರು ಸ್ವರ ಆರಿಸಿಕೊಂಡೆ: ಡಿ, ಸಿ ಶಾರ್ಪ್, ಎಫ್. ಅರ್ಧ ಮೆಟ್ಟಿಲು ಕೆಳಗೆ, ನಾಲ್ಕು ಅರ್ಧ ಮೆಟ್ಟಿಲು ಮೇಲೆ. ನಿಧಾನದ ಮೂವ್‌ಮೆಂಟ್‌ನಲ್ಲಿ ಅದು ತಲೆಕೆಳಗಾಗಿ ಬರುತ್ತದೆ: ಸಿ, ಡಿ ಫ್ಲ್ಯಾಟ್, ಎ. ಆ ಎ ಆ ಕೀಗೆ ಸೇರಿದ್ದಲ್ಲ, ಕಿವಿಗೆ ಸ್ವಲ್ಪ ಚುಚ್ಚುತ್ತದೆ. ಹಾಗೇ ಬಿಟ್ಟೆ. ಪಿಟ್ಸಿಕಾಟೋದಲ್ಲಿ ಚೆಲ್ಲೋ ಅದನ್ನು ಎರಡೇ ಸಲ ಮೀಟುತ್ತದೆ. ಯಾರೂ ಗುರುತಿಸಿ ಹೇಳಿಲ್ಲ, ಆದರೆ "ಒಂದಕ್ಕೊಂದು ಸಂಬಂಧ ಇಲ್ಲ" ಅನ್ನುವ ದೂರು ನಿಂತಿತು.

ಅಳತೆಯನ್ನೂ ಬದಲಿಸಿದೆ. ಮೊದಲು ಎಲ್ಲವೂ ಆರಾರು ನಿಮಿಷ ಇದ್ದವು. ಈಗ ಎಂಟು, ಮೂರು, ಏಳು, ನಾಲ್ಕು.

ಒಂದು ಎಡವಟ್ಟು ಕೊನೆಯವರೆಗೂ ಉಳಿದಿತ್ತು. ನಿಧಾನದ್ದು ಮುಗಿದ ತಕ್ಷಣ, ನಿಲ್ಲಿಸದೆ ಕೊನೆಯ ಮೂವ್‌ಮೆಂಟ್ ಹಾರಿ ಬೀಳಬೇಕು ಅಂತ ಬರೆದಿದ್ದೆ. ಮ್ಯೂಟ್ ತೆಗೆಯಲು ಯಾರಿಗೂ ಸಮಯವೇ ಇಟ್ಟಿರಲಿಲ್ಲ. ಈಗ ಕೊನೆಯ ಬಾರ್‌ಗಳಲ್ಲಿ ಒಬ್ಬೊಬ್ಬರೇ ನಿಲ್ಲಿಸಿ ಮ್ಯೂಟ್ ಸರಿಸುತ್ತಾರೆ. ಉಳಿಯುವುದು ವಿಯೋಲಾ ಒಂದೇ. ಓಟ ಶುರುವಾದ ಮೇಲೂ ಅವಳಿಗೆ ಎರಡು ಬಾರ್ ವಿರಾಮ ಇದೆ.