ತಕ್ಕಡಿ, ಉದ್ರಿ ಪುಸ್ತಕ ಮತ್ತು ಶಿಲುಬೆಯ ಏಳು ಮಾತು

ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿ 31 ಅಧ್ಯಾಯಗಳಿವೆ. ತಿಂಗಳಿಗೆ ಹೆಚ್ಚೆಂದರೆ 31 ದಿನ. ಹಾಗಾಗಿ ಇವತ್ತು ಯಾವ ತಾರೀಖೋ ಆ ಅಧ್ಯಾಯ ಓದುವುದು ನನ್ನ ರೂಢಿ. ತಿಂಗಳು 30ಕ್ಕೆ ಮುಗಿದರೆ ಕೊನೆಯ ಎರಡನ್ನೂ ಒಟ್ಟಿಗೆ ಓದುತ್ತೇನೆ. ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಶಟರ್ ಎತ್ತುವ ಮುಂಚೆ ಗಲ್ಲಾದ ಪಕ್ಕ ಕೂತು ಓದುತ್ತೇನೆ. ಇಡೀ ಅಧ್ಯಾಯದಲ್ಲಿ ಒಂದೇ ವಚನ ಆರಿಸಿಕೊಳ್ಳುತ್ತೇನೆ. ಅದು ಇವತ್ತೇ, ಈ ಅಂಗಡಿಯಲ್ಲೇ ಮಾಡಲು ಆಗುವಂಥದ್ದಾಗಿರಬೇಕು.

ವ್ಯಾಪಾರ ಮಾಡುವವರಿಗೆ ಈ ಪುಸ್ತಕದಷ್ಟು ಹತ್ತಿರದ ಪುಸ್ತಕ ಬೈಬಲಿನಲ್ಲಿ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ 11ನೇ ಅಧ್ಯಾಯದ ಮೊದಲ ಮಾತೇ ಹೇಳುತ್ತದೆ. ಅದೇ ಮಾತು 20ನೇ ಅಧ್ಯಾಯದಲ್ಲಿ ಎರಡು ಸಲ ಬರುತ್ತದೆ. ಹಾಗಾಗಿ ನಮ್ಮ ಅಂಗಡಿಯಲ್ಲಿ ಖಾಲಿ ಡಬ್ಬ ಮೊದಲು ಇಟ್ಟು, ಸೊನ್ನೆ ಮಾಡಿ, ಆಮೇಲೆ ಬೇಳೆ ಹಾಕುತ್ತೇವೆ. ಕಾಟಾದ ಅಂಕಿ ಗಿರಾಕಿ ಕಡೆಗೇ ತಿರುಗಿರುತ್ತದೆ. ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವುದನ್ನು ತಪ್ಪಿಸುವುದಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನ ಮಾಲು ಅನ್ನುವ ಗುರುತು, ಬಂದಿದೆ. ಹೊರಗಿನ ಬೇಳೆಯನ್ನೂ ಇದೇ ಹೆಸರಲ್ಲಿ ಮಾರುವ ಆಸೆ ಯಾರಿಗೂ ಬರಬಹುದು. ನಾನು ಚೀಲದ ಮೇಲೆ ಎಲ್ಲಿಯದು ಅಂತ ಚೀಟಿ ಅಂಟಿಸಿಡುತ್ತೇನೆ.

ಕೊಳ್ಳುವಾಗಲೂ ಅಷ್ಟೇ. ಕೊಳ್ಳುವವನು "ಚೆನ್ನಾಗಿಲ್ಲ, ಚೆನ್ನಾಗಿಲ್ಲ" ಅಂತ ಮಾಲನ್ನು ಹಳಿದು, ಆಚೆ ಹೋದ ಮೇಲೆ ಹೆಮ್ಮೆಪಡುತ್ತಾನೆ ಅಂತ 20ನೇ ಅಧ್ಯಾಯದಲ್ಲಿದೆ. ನಮ್ಮೂರ ಮಾರುಕಟ್ಟೆ ನೆಹರು ಗಂಜಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಈ ಮಾತು ಕಣ್ಣೆದುರಿಗೇ ನಡೆಯುತ್ತದೆ. ನಾನು ರೇಟು ಕೇಳುತ್ತೇನೆ, ಚೌಕಾಸಿಯನ್ನೂ ಮಾಡುತ್ತೇನೆ. ಆದರೆ ಒಳ್ಳೆಯ ಮಾಲನ್ನು ಕೆಟ್ಟದ್ದು ಅನ್ನುವುದಿಲ್ಲ.

ಸಾಲದ ಜಾಮೀನಿನ ವಿಷಯ ಇನ್ನೂ ಕಷ್ಟದ್ದು. ಬೇರೆಯವರ ಸಾಲಕ್ಕೆ ಹೊಣೆ ನಿಲ್ಲಬೇಡ, ಕೊನೆಗೆ ನೀನು ಮಲಗುವ ಹಾಸಿಗೆಯನ್ನೂ ಎಳೆದುಕೊಂಡು ಹೋಗುತ್ತಾರೆ ಅಂತ 22ನೇ ಅಧ್ಯಾಯ ಎಚ್ಚರಿಸುತ್ತದೆ. ಅದೇ ಪುಸ್ತಕದ 3ನೇ ಅಧ್ಯಾಯ, ಕೈಯಲ್ಲಿ ಇದ್ದಾಗ "ಹೋಗಿ ಬಾ, ನಾಳೆ ಕೊಡುತ್ತೇನೆ" ಅನ್ನಬೇಡ ಎನ್ನುತ್ತದೆ. ಎರಡನ್ನೂ ಜೊತೆಗೆ ಹಿಡಿಯಬೇಕು. ಸಂಬಂಧಿಕರೊಬ್ಬರು ಸಹಿ ಹಾಕಿ ಅಂತ ಬಂದಾಗ ನಾನು ಮತ್ತು ನಮ್ಮ ಮನೆಯವರು ಮೊದಲೇ ಮಾತಾಡಿಕೊಂಡಿದ್ದೆವು. "ಕಾಕಾ, ಸಹಿ ಆಗೋದಿಲ್ಲ. ಆದರ ಇಷ್ಟು ರೊಕ್ಕ ನಮ್ಮ ಕಡಿಂದ ಇರಲಿ, ತಿರುಗಿ ಕೊಡೂದು ಬ್ಯಾಡ" ಅಂದೆವು. ಅವರಿಗೆ ಬೇಸರವಾಯಿತು. ಆದರೂ ಹಣ ತೆಗೆದುಕೊಂಡರು. ಈಗಲೂ ಮನೆಗೆ ಬರುತ್ತಾರೆ.

ಇಷ್ಟೇ ಆಗಿದ್ದರೆ ಜ್ಞಾನೋಕ್ತಿಗಳೇ ಸಾಕಾಗುತ್ತಿತ್ತು. ಆದರೆ ನೆಟ್ಟಗೆ ನಡೆದರೂ ಪೆಟ್ಟು ಬೀಳುವ ದಿನಗಳಿವೆ, ಅಲ್ವಾ? ಸರಿಯಾಗಿ ತೂಗುವ ಅಂಗಡಿಗೇ ಜನ ಜಾಸ್ತಿ ಬರುತ್ತಾರೆ ಅಂತೇನಿಲ್ಲ. ಜ್ಞಾನೋಕ್ತಿಗಳನ್ನು ಮಾತ್ರ ಓದುವವರು, ವ್ಯಾಪಾರ ಚೆನ್ನಾಗಿದ್ದಾಗ "ನಾನು ಒಳ್ಳೆಯವಳು, ಅದಕ್ಕೇ ಹೀಗೆ" ಅಂದುಕೊಳ್ಳುತ್ತಾರೆ. ಕೆಟ್ಟಾಗ ದೇವರ ಮೇಲೆ ಮುನಿಸಿಕೊಳ್ಳುತ್ತಾರೆ. ಎಲ್ಲರಿಗಿಂತ ನೀತಿವಂತನಾದವನು ಶಿಲುಬೆಗೆ ಏರಿದ ಕಥೆ ಇಲ್ಲಿ ಬೇಕಾಗುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲನು, ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನೇ ದೇವರ ಜ್ಞಾನ ಅನ್ನುತ್ತಾನೆ. ಅದನ್ನು ಓದಿದ ಮೇಲೆ ಎರಡನ್ನೂ ಬೇರೆ ಬೇರೆ ಇಡಲು ನನಗೆ ಮನಸ್ಸಾಗಲಿಲ್ಲ. ಜ್ಞಾನೋಕ್ತಿ ತಾರೀಖಿನ ಪ್ರಕಾರ ಓದುತ್ತೇನೆ. ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳಲ್ಲಿ ವಾರದ ದಿನಕ್ಕೊಂದನ್ನು ನೆನೆಯುತ್ತೇನೆ.

ಮೊದಲನೆಯದು ಕ್ಷಮೆಯ ಮಾತು. ನಮ್ಮ ಕಡೆ ಉದ್ರಿ ಇಲ್ಲದೆ ಕಿರಾಣಿ ನಡೆಯುವುದಿಲ್ಲ. ತೊಗರಿ ಡಿಸೆಂಬರ್, ಜನವರಿಯಲ್ಲಿ ಕಟಾವಿಗೆ ಬರುತ್ತದೆ. ಅಲ್ಲಿಯವರೆಗೆ ಎಷ್ಟೋ ಮನೆಗಳು ಉದ್ರಿಯ ಮೇಲೆಯೇ ಉಣ್ಣುತ್ತವೆ. ಒಂದು ಮನೆಯವರು ದೊಡ್ಡ ಬಾಕಿ ಉಳಿಸಿದರು. ಸಾಲದ್ದಕ್ಕೆ, ನಾವು ಪುಸ್ತಕದಲ್ಲಿ ಎರಡೆರಡು ಸಲ ಬರೆಯುತ್ತೇವೆ ಅಂತ ಓಣಿಯಲ್ಲಿ ಹೇಳಿಕೊಂಡು ತಿರುಗಿದರು. ಬಾಕಿಗಿಂತ ಈ ಮಾತು ಜಾಸ್ತಿ ನೋಯಿಸಿತು. "ತಂದೆಯೇ, ಅವರನ್ನು ಕ್ಷಮಿಸು" ಅಂತ ಯೇಸು ಹೇಳಿದ್ದು ಯಾವಾಗ ಅಂತ ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ನೋಡಿ. ಸೈನಿಕರು ಆತನ ಬಟ್ಟೆಗೆ ಚೀಟಿ ಹಾಕುತ್ತಿದ್ದರು. ಯಾರೂ ತಪ್ಪಾಯಿತು ಅಂದಿರಲಿಲ್ಲ. ಆ ಬಾಕಿಯ ಮನೆಯವರು ಬಂದು ಕ್ಷಮೆ ಕೇಳಲಿ ಅಂತ ನಾನು ಕಾಯುವುದನ್ನು ಬಿಟ್ಟೆ. ಅವರ ಹೆಸರು ಹೇಳಿ ಪ್ರಾರ್ಥಿಸುತ್ತಾ ಬಂದೆ. ಮೊದಮೊದಲು ಬಾಯಿ ಮಾತ್ರ ಹೇಳುತ್ತಿತ್ತು. ಮನಸ್ಸು ಬಹಳ ತಡವಾಗಿ ಹಿಂದೆ ಬಂತು. ಆಮೇಲೆ ಆ ಪುಟಕ್ಕೆ ಅಡ್ಡ ಗೆರೆ ಎಳೆದೆ.

ಅವರು ಮತ್ತೆ ಅಂಗಡಿಗೆ ಬಂದರು. "ಬರ್ರಿ ಅಕ್ಕಾ" ಅಂತಲೇ ಕರೆದೆ. ಹಳೆಯದನ್ನು ಎತ್ತಲಿಲ್ಲ. ಆದರೆ ಹೊಸ ಉದ್ರಿ ಕೊಡಲಿಲ್ಲ, ನಗದು ಮಾತ್ರ. ಕ್ಷಮಿಸಿದ ಮೇಲೆ ಉದ್ರಿ ಯಾಕಿಲ್ಲ ಅಂತ ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬರು ಕೇಳಿದರು. ಕ್ಷಮೆಯನ್ನು ನಾನು ಶಿಲುಬೆಯಿಂದ ಕಲಿತೆ, ಎಚ್ಚರವನ್ನು ಜ್ಞಾನೋಕ್ತಿಯಿಂದ ಕಲಿತೆ ಅಂದೆ. ಈ ಎರಡನ್ನು ಜೊತೆಗಿಡುವುದೇ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು.

ಎರಡನೆಯ ಮಾತು, ಪಕ್ಕದ ಶಿಲುಬೆಯಲ್ಲಿದ್ದ, ಪಶ್ಚಾತ್ತಾಪಪಟ್ಟ ಕಳ್ಳನಿಗೆ "ಇವತ್ತೇ ನನ್ನ ಜೊತೆ ಪರದೈಸಿನಲ್ಲಿ ಇರುತ್ತೀ" ಅಂತ ಹೇಳಿದ್ದು. ಯಾರಾದರೂ ಬದಲಾಗುತ್ತೇನೆ ಅಂದರೆ ಹಳೆಯ ಚರಿತ್ರೆ ಕೇಳದೆ ಜೊತೆಗೆ ನಿಲ್ಲಲು ಅದು ಸಾಕು.

ಮೂರನೆಯದು ಯೋಹಾನ 19ರಲ್ಲಿದೆ. ಅಷ್ಟು ನೋವಿನಲ್ಲೂ ಯೇಸು ತಾಯಿಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸುತ್ತಾನೆ. ನಮ್ಮ ಅತ್ತೆ ಹಾಸಿಗೆ ಹಿಡಿದಾಗ "ಏನು ಮಾಡೋದವ್ವಾ, ಇದು ನಿನ್ನ ಶಿಲುಬೆ" ಅಂತ ಹಲವರು ನನಗೆ ಸಮಾಧಾನ ಹೇಳಿದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ದಿನಾಲೂ ಶಿಲುಬೆ ಹೊತ್ತು ನನ್ನ ಹಿಂದೆ ಬಾ ಅಂತ ಲೂಕ 9ರಲ್ಲಿ ಯೇಸು ಹೇಳಿದ್ದು, ನಾವೇ ಒಪ್ಪಿ ಎತ್ತಿಕೊಳ್ಳುವ ಕೆಲಸಕ್ಕೆ. ನಮ್ಮನ್ನು ಸಾಕಿದ ಮುದುಕಿ ಯಾರಿಗೂ ಶಿಲುಬೆಯಲ್ಲ. ಅವರ ಕಿವಿಗೆ ಇಂಥ ಮಾತು ಬಿದ್ದರೆ ಎಷ್ಟು ನೋಯುತ್ತದೆ! ಮೈದುನಂದಿರನ್ನೂ ನೆಗೆಣ್ಣಿಯರನ್ನೂ ಕೂರಿಸಿಕೊಂಡು ಔಷಧ ಯಾರದು, ರಾತ್ರಿ ಯಾರದು ಅಂತ ಅತ್ತೆಯ ಎದುರಿಗೇ ಮಾತಾಡಿ ಬರೆದಿಟ್ಟೆವು.

ನಾಲ್ಕನೆಯ ಮಾತು, "ನನ್ನ ದೇವರೇ, ಯಾಕೆ ಕೈಬಿಟ್ಟೆ" ಎನ್ನುವುದು 22ನೇ ಕೀರ್ತನೆಯ ಮೊದಲ ಸಾಲು. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಂತು. ಆಳಂದ ತಾಲ್ಲೂಕಿನಲ್ಲಿರುವ ನನ್ನ ತಮ್ಮನ ಹೊಲವೂ ಹೂವು ಕಾಯಿ ಹೊತ್ತು ನಿಂತಲ್ಲೇ ಒಣಗಿತು. ಅವನು ಪ್ರಾರ್ಥನೆ ಬಿಟ್ಟ. ಎಲ್ಲರೂ ಅವನಿಗೆ ನಂಬಿಕೆಯ ಮಾತು ಹೇಳುವವರೇ. ನಾನು ಹೋಗಿ ಆ ಕೀರ್ತನೆ ತೆಗೆದು ಅರ್ಧದವರೆಗೆ ಓದಿದೆ, ಅಳುವ ಭಾಗ ಮಾತ್ರ. "ಇದನ್ನ ದೇವರ ಮಗನೇ ಅಂದಾನ, ನೀನೂ ಅನ್ನು" ಅಂದೆ. ಸ್ತುತಿಯ ಭಾಗವನ್ನು ಅವನು ಬಹಳ ದಿನಗಳ ಮೇಲೆ ತಾನೇ ಓದಿದ.

ಆರನೆಯ "ತೀರಿತು", ಏಳನೆಯ "ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ" ಇವೆರಡೂ ಶಟರ್ ಇಳಿಸುವಾಗ ಹೇಳುವ ಪ್ರಾರ್ಥನೆಗಳು. ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಮನೆಗೆ ತರುವುದಿಲ್ಲ.

ಐದನೆಯದನ್ನು ಬೇಕೆಂದೇ ಕೊನೆಗೆ ಇಟ್ಟೆ. "ನನಗೆ ನೀರಡಿಕೆಯಾಗಿದೆ." ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಶುಭ ಶುಕ್ರವಾರ 12ರಿಂದ 3 ಗಂಟೆವರೆಗೆ ಆರಾಧನೆಯಲ್ಲಿ ಕೂತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಇದನ್ನು ಓದಿಯೇ ಅಂಗಡಿ ಮುಂದೆ ಹಮಾಲರಿಗೆ, ಆಟೋದವರಿಗೆ ನೀರಿನ ಹರವಿ ಇಟ್ಟೆವು. ಆದರೆ ನೀರು ಕೊಡುವುದು ನನಗೆ ಸುಲಭ, ಕೇಳುವುದು ಕಷ್ಟ. ಯೇಸು ಕೇಳಿದ. ಅದೂ ತನಗೆ ಮೊಳೆ ಹೊಡೆದವರ ಎದುರಿಗೆ. ಅವರು ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ಬಾಯಿಗೆ ಹಿಡಿದರೆ ತೆಗೆದುಕೊಂಡ. ಅತ್ತೆಯ ಸೇವೆ, ಅಂಗಡಿ, ಮಕ್ಕಳ ಪರೀಕ್ಷೆ ಎಲ್ಲ ಒಟ್ಟಿಗೆ ಬಂದ ತಿಂಗಳಲ್ಲಿ ನಾನು ಪಕ್ಕದ ಮನೆಯ ಮೌಸಿಯನ್ನು ಕೇಳಿದೆ, "ಮಧ್ಯಾಹ್ನ ಒಂದು ತಾಸು ಗಲ್ಲಾದಾಗ ಕೂಡ್ತೀರೇನ್ರಿ?" ಅವರು ಮುಸ್ಲಿಮರು, ಅದು ರಂಜಾನ್ ತಿಂಗಳು, ರೋಜಾ ಇದ್ದರು. ಆದರೂ ದಿನಾ ಬಂದು ಕೂತರು.

ಶುಭ ಶುಕ್ರವಾರದ ಆರಾಧನೆಯಲ್ಲಿ ಮಾತಾಡಲು ನಮ್ಮ ಸಭೆಯಲ್ಲಿ ಏಳು ಮಾತುಗಳನ್ನು ಏಳು ಜನರಿಗೆ ಹಂಚುತ್ತಾರೆ. ಈ ಸಲ ಸಭಾಪಾಲಕರು ನನಗೆ ಐದನೆಯದನ್ನು ಕೊಟ್ಟಿದ್ದಾರೆ. ನೀರಿನ ಹರವಿಯ ಬಗ್ಗೆ ಒಂದೆರಡು ಮಾತು ಹೇಳಿ, ಉಳಿದ ಹೊತ್ತೆಲ್ಲ ಮೌಸಿಯ ಬಗ್ಗೆಯೇ ಮಾತಾಡಬೇಕೆಂದಿದ್ದೇನೆ. ಅವರನ್ನೂ ಕರೆದಿದ್ದೇನೆ, ಬರುತ್ತೇನೆ ಅಂದಿದ್ದಾರೆ.